ಇಳಿದ ಮುಳ್ಳು

ಕೆ.ಆರ್. ಪುರದ ಏರಿನಲ್ಲಿ ಅದುವರೆಗೆ ಮೇಲೇರುತ್ತಿದ್ದ ಕಾರಿನ ಟೆಂಪರೇಚರ್ ಮುಳ್ಳು ತಟ್ಟನೆ ಕೆಳಗಿಳಿಯಿತು. ಮರ್ಫಿ ಟೌನಿನ ಮೆಕ್ಯಾನಿಕ್ ಕೆಂಪರಾಜ್, 1998ರ ಆ ಶುಕ್ರವಾರ, ತನ್ನ ಹಳೆಯ ಕಾರಿಗೆ ದೊಡ್ಡ ಎಂಜಿನ್ ಕೂರಿಸಿ ಭಾನುವಾರದ ರೇಸಿಗಾಗಿ ಓಡಿಸಿ ನೋಡುತ್ತಿದ್ದ.

"ನೋಡ್ರೀ, ತಣ್ಣಗಾಯ್ತು. ಸುಮ್ನೆ ಹೆದರ್ತಿದ್ರಿ," ಎಂದಳು ಪಕ್ಕದಲ್ಲಿದ್ದ ಹೆಂಡತಿ ಯಮುನಾ.

ಅವನು ಎಂಜಿನ್ನಿನ ಬಿಸಿನೀರಿನಿಂದಲೇ ಕಾಯುವ ಹೀಟರ್ ಹಾಕಿ ಕೈಯೊಡ್ಡಿದ. ಬಂದದ್ದು ತಣ್ಣನೆಯ ಗಾಳಿ. ಅಂದರೆ ಎಂಜಿನ್ನಿನ ನೆತ್ತಿಯಲ್ಲಿ ಹಬೆ ಕಟ್ಟಿಕೊಂಡು ನೀರು ಓಡಾಡುತ್ತಿರಲಿಲ್ಲ; ಮುಳ್ಳಿನ ಸೆನ್ಸರಿಗೂ ನೀರು ತಾಕುತ್ತಿರಲಿಲ್ಲ. ಹಬೆ ಹೊರಹೋಗುವ ಸಣ್ಣ ಪೈಪಿಗೆ ಹಳೆಯ ರೇಡಿಯೇಟರಿನಲ್ಲಿ ಜಾಗವಿಲ್ಲವೆಂದು ಅದರ ಬಾಯಿ ಮುಚ್ಚಿದವನು ಅವನೇ.

ಹಿಂದಿನ ಲಾರಿ ಹಾರನ್ ಹೊಡೆಯುತ್ತಿದ್ದಂತೆಯೇ ಎಂಜಿನ್ ಆಫ್ ಮಾಡಿ ಕಾರನ್ನು ರಸ್ತೆಯ ಪಕ್ಕಕ್ಕೆ ಸರಿಸಿ ನಿಲ್ಲಿಸಿದ.

"ರೇಡಿಯೇಟರ್ ಮುಚ್ಚಳ ತೆಗೀಲಾ?" ಎಂದಳು ಯಮುನಾ.

"ಮುಟ್ಬೇಡ. ಮುಖ ಬೆಂದ್ಹೋಗತ್ತೆ."

"ಮತ್ತೆ ರೇಸು?"



ಭಾನುವಾರ ರೇಸು ನಡೆಯುವಾಗ ಕೆಂಪರಾಜ್ ಶೆಡ್ಡಿನಲ್ಲಿ ಎಂಜಿನ್ನಿನ ನೆತ್ತಿಯ ಹೆಡ್ ಬಿಚ್ಚಿ, ಕಾವಿಗೆ ಬಾಗಿದೆಯೇ ಎಂದು ಉಕ್ಕಿನ ಸ್ಕೇಲ್ ಇಟ್ಟು ನೋಡಿದ. ಬಾಗಿರಲಿಲ್ಲ.