ಜೇಬಿನಲ್ಲೇ ಉಳಿದ ಚೀಟಿ

ಸ್ನೇಹಿತರೇ, ಹಾಜರಾತಿ ಸಾಲದೆಂದು ನಮ್ಮ ಕಾಲೇಜಿನ ಶಿಸ್ತು ಸಮಿತಿ ಇವತ್ತು ಶಿರೂರಿನ ರೇಣುಕಾಳಿಗೆ ಪರೀಕ್ಷೆ ನಿರಾಕರಿಸಿತು. ತರಗತಿ ತಪ್ಪಿಸಿ ಅವಳು ಓಡಿದ್ದು ಕಾಲೇಜಿನ ರಿಲೇ ತಂಡಕ್ಕೇ.

“ಆಟದವರಿಗೆ ಬ್ಯಾರೆ ಕಾನೂನ್ ಐತೇನು? ಆಟಕ್ಕ ಹೋಗಿದ್ದಿ ಅನ್ನೂದಕ್ಕ ಚೀಟಿ ಎಲ್ಲೈತಿ?” ಎಂದರು ಪ್ರಾಂಶುಪಾಲರು.

ಚೀಟಿ ಕೊಡಬೇಕಾದ ದೈಹಿಕ ಶಿಕ್ಷಣ ನಿರ್ದೇಶಕ ನಾನೇ. ಬರೆದು ಟ್ರ್ಯಾಕ್‌ಸೂಟಿನ ಜೇಬಿನಲ್ಲಿಟ್ಟು ಮರೆತಿದ್ದೆ. ಒಗೆಯುವಾಗ ಬಟ್ಟೆಯ ಜೊತೆ ಅದೂ ನೆನೆದು ಮುದ್ದೆಯಾಗಿತ್ತು.

ರೇಣುಕಾ ನನ್ನತ್ತ ಒಮ್ಮೆ ನೋಡಿ, “ನಾನ ಕಳಕೊಂಡೇನ್ರಿ ಸರ್” ಎಂದಳು.

ಸಮಿತಿಯ ಸದಸ್ಯನಾಗಿ ನಾನೂ ಆ ನಿರ್ಣಯಕ್ಕೆ ಸಹಿ ಹಾಕಿದೆ.

ಅಲ್ಲಿ ಬಾಯಿಗೆ ಬಾರದ್ದನ್ನು ಇಲ್ಲಿ ಫೇಸ್‌ಬುಕ್‌ನಲ್ಲಿ ಬರೆದಿದ್ದೇನೆ; ಪ್ರಾಂಶುಪಾಲರೂ ಓದಲಿ. “ಕೈಯಾಗಿನ ಬ್ಯಾಟನ್ ಮುಂದಿನಾಕಿಗೆ ಮುಟ್ಟಸಾಕ ಬರಂಗಿಲ್ಲೇನ್ ನಿನಗ?” ಎಂದು ಮೂರು ವರ್ಷ ಅವಳಿಗೆ ಬೈದವನು ನಾನು.