ಹಗೇವು ಮುಚ್ಚಲು ಬಿಡದ ಅಕ್ಕ

ನಾನು ಚಿಕ್ಕವನಿದ್ದಾಗ ನಮ್ಮ ಕೆಸರೆ ಇನ್ನೂ ಹಳ್ಳಿಯಾಗಿತ್ತು, ಮೈಸೂರಿನ ಬಡಾವಣೆ ಆಗಿರಲಿಲ್ಲ. ಮನೆ ಮುಂದಿನ ಅಂಗಳದಲ್ಲಿ ನಮಗೊಂದು ಹಗೇವು ಇತ್ತು. ಹಗೇವು ಎಂದರೆ ನೆಲದೊಳಗೆ ತೋಡಿದ ರಾಗಿಯ ಕಣಜ. ಬಾಯಿ ಒಬ್ಬರು ಇಳಿಯುವಷ್ಟು ಕಿರಿದು, ಒಳಗೆ ಗುಡಾಣದ ಹೊಟ್ಟೆಯ ಹಾಗೆ ಅಗಲ. ಒಳ್ಳೆ ಬೆಳೆ ಬಂದ ವರ್ಷ ರಾಗಿ ತುಂಬಿ, ಹುಲ್ಲು ಹೊದಿಸಿ, ಚಪ್ಪಡಿ ಮುಚ್ಚಿ, ಮೇಲೆ ಮಣ್ಣು ಮೆತ್ತಿಬಿಡುತ್ತಿದ್ದರು. ಅದರ ಮೇಲೇ ನಾವು ಗೋಲಿ ಆಡುತ್ತಿದ್ದೆವು.

ಒಮ್ಮೆ ಎರಡು ವರ್ಷ ಒಂದೇ ಸಮನೆ ಮಳೆ ಕೈಕೊಟ್ಟಿತು. ಹೊಲದ ಪೈರು ಮೊಣಕಾಲೆತ್ತರಕ್ಕೂ ಬರದೆ ಸುಟ್ಟುಹೋಯಿತು. ರೇಷನ್ ಅಂಗಡಿಯ ಮುಗ್ಗಲು ಜೋಳವೂ ನಿಂತುಹೋಯಿತು. ಅವ್ವ ಹಿಟ್ಟಿನ ಮಡಕೆ ಬೋರಲು ಹಾಕಿ ತಟ್ಟಿದ್ದು ನನಗೆ ಇನ್ನೂ ಕೇಳಿಸುತ್ತದೆ. ಉಳಿದದ್ದು ಹಗೇವು ಒಂದೇ. ದೊಡ್ಡಪ್ಪನಿಗೆ ಅದರಲ್ಲಿ ಎಳ್ಳಷ್ಟೂ ನಂಬಿಕೆ ಇರಲಿಲ್ಲ. ಈ ಹುಡುಗ ಹುಟ್ಟುವುದಕ್ಕೆ ಮೊದಲೇ ತುಂಬಿದ ರಾಗಿ, ಇಷ್ಟೊತ್ತಿಗೆ ಮಣ್ಣಾಗಿರುತ್ತದೆ, ಗುಂಡಿ ಮುಚ್ಚಿ ಮೇಲೊಂದು ಬಾಡಿಗೆ ಮನೆ ಕಟ್ಟೋಣ ಎಂದು ದಿನಾ ಅಪ್ಪನ ತಲೆ ತಿನ್ನುತ್ತಿದ್ದ.

"ತೆಗೆದು ನೋಡವ. ಕೆಟ್ಟಿದ್ರೆ ನೀನೇ ಮುಚ್ಬುಡು ಕಣಣ್ಣ," ಎಂದ ಅಪ್ಪ.

ಬೆಳಿಗ್ಗೆ ಚಪ್ಪಡಿ ಎತ್ತಿದಾಗ ಬಿಸಿ ಹಬೆ ಮುಖಕ್ಕೆ ಹೊಡೆಯಿತು. ಹುಳಿ ಹುಳಿ, ಮಣ್ಣು ಮಣ್ಣು ವಾಸನೆ. ಮುಚ್ಚಿಟ್ಟ ಹಗೇವಿಗೆ ಯಾರೂ ಹಾಗೇ ಇಳಿಯುವಂತಿಲ್ಲ, ಒಳಗಿನ ಗಾಳಿ ಜೀವವನ್ನೇ ತೆಗೆಯುತ್ತದೆ. ಅದಕ್ಕೇ ಮೊದಲು ದೀಪ ಇಳಿಸಿ ನೋಡುವುದು ಪದ್ಧತಿ. ಅಪ್ಪ ಹಗ್ಗಕ್ಕೆ ಲಾಟೀನು ಕಟ್ಟಿ ಬಿಟ್ಟ. ಅರ್ಧಕ್ಕೆ ಹೋಗುವಷ್ಟರಲ್ಲಿ ಅದು ಪಕ್ಕನೆ ಆರಿಹೋಯಿತು.

"ನೋಡ್ದಾ? ದೀಪನೇ ಉಳೀನಿಲ್ಲ, ರಾಗಿ ಎಲ್ಲಿ ಉಳೀತದೆ? ಎಳೀರೋ ಮಣ್ಣ!" ದೊಡ್ಡಪ್ಪ ಗುದ್ದಲಿ ಎತ್ತಿಕೊಂಡೇಬಿಟ್ಟ.

ಹದಿನಾರು ವರ್ಷದ ನನ್ನ ಅಕ್ಕ ಹಗೇವಿನ ಬಾಯಿಗೆ ಅಡ್ಡ ನಿಂತಳು. "ದೀಪ ಆರ್ತು ಅಂದ್ರೆ ಒಳಕ್ಕೆ ಹೊಸ ಗಾಳಿ ಹೋಗಿಲ್ಲ ಅಂತ, ದೊಡ್ಡಪ್ಪ! ನಮಗೇ ಉಸ್ರಾಡಕ್ಕಾಗದ ಕಡೆ ಹುಳ ಎಂಗೆ ಬದುಕ್ತವೆ? ರಾಗಿ ಉಳಿದಿದ್ರೆ ಅದ್ರಿಂದ್ಲೇ ಉಳಿದಿರ್ತದೆ. ಮುಚ್ಚದಾದ್ರೆ ನನ್ನೂ ಸೇರ್ಸಿ ಮುಚ್ಚಿ!"

ಅಬ್ಬಬ್ಬಾ! ಆ ಕಾಲದಲ್ಲಿ ಹೆಣ್ಣುಮಗಳು ಹಿರಿಯರಿಗೆ ಹಾಗೆ ಎದುರಾಡುವುದು ಎಂದರೇನು! ಹೆದರಿಕೆಗೆ ನನಗೆ ಅಳುವೇ ಬಂತು. ಅಪ್ಪ ಮಾತ್ರ ಕಂಬಳಿಗೆ ಹಗ್ಗ ಕಟ್ಟಿ ಹಗೇವಿನೊಳಗೆ ಬಿಟ್ಟು ಮೇಲಕ್ಕೆ ಸೆಳೆಯತೊಡಗಿದ. ಕೆಟ್ಟ ಗಾಳಿ ಹೋಗಿ ಒಳ್ಳೆ ಗಾಳಿ ತುಂಬಬೇಕಲ್ಲ, ಬಿಡುವುದು, ಸೆಳೆಯುವುದು, ಅದೇ ಕೆಲಸ. ಬಿಸಿಲು ನೆತ್ತಿಗೇರಿದ ಮೇಲೆ ಲಾಟೀನು ರಾಗಿಯ ಮಟ್ಟದವರೆಗೂ ಉರಿಯುತ್ತಾ ಹೋಯಿತು. ಅಕ್ಕ ಸೆರಗು ಸಿಕ್ಕಿಸಿ, ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಇಳಿದಳು.

ಮೊದಲು ಮೇಲೆ ಬಂದ ಕುಕ್ಕೆಯಲ್ಲಿ ಕಪ್ಪಗೆ, ಸಗಣಿ ಉಂಡೆಯ ಹಾಗೆ ಗಟ್ಟಿಯಾದ ಮುದ್ದೆ! ದೊಡ್ಡಪ್ಪ ಮೀಸೆ ತಿರುವಿದ. ಎರಡನೆಯದೂ ಹಾಗೇ. ರಾತ್ರಿಗೂ ಊಟವಿಲ್ಲ ಎಂದು ನಾನು ಅವ್ವನ ಸೆರಗು ಹಿಡಿದುಕೊಂಡೆ.

"ಮೇಲ್ಗಡೆದು, ಗೋಡೆ ಮಗ್ಗುಲುದು ಯಾವಾಗ್ಲೂ ಅಂಗೇ ಕಣಪ್ಪ, ಇನ್ನೂ ಕೆರೀತೀನಿ," ಎಂದು ಒಳಗಿಂದ ಅಕ್ಕ ಕೂಗಿದಳು.

ಆಮೇಲೆ ಬಂದ ಕುಕ್ಕೆಯನ್ನು ಬಗ್ಗಿಸಿದಾಗ ರಾಗಿ ಸರಸರ ಸದ್ದು ಮಾಡುತ್ತಾ ಚಾಪೆಯ ಮೇಲೆ ಹರಡಿತು. ಕೆಂಪಗೆ, ಗರಿಗರಿಯಾಗಿ. ಅಪ್ಪ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು ಕಟಕಟ ಕಡಿದ, ಆಮೇಲೆ ಟವೆಲಿನಿಂದ ಕಣ್ಣು ಒರೆಸಿಕೊಂಡ. ಅಕ್ಕಪಕ್ಕದ ಮನೆಯವರು ಮೊರ ಹಿಡಿದು ಬಂದರು. ಅಪ್ಪ ಯಾರನ್ನೂ ಬರಿಗೈಲಿ ಕಳಿಸಲಿಲ್ಲ. ಆ ರಾಗಿಯಿಂದ ಅವ್ವ ತಿರುವಿದ ಮುದ್ದೆಗೆ ಮುಗ್ಗಲು ವಾಸನೆ ಇತ್ತು, ಸುಳ್ಳು ಹೇಳುವುದಿಲ್ಲ. ಮೂಗು ಹಿಡಿದು ನುಂಗಿದೆ. ಹೊಟ್ಟೆಗೆ ಬಿದ್ದಾಗ ಎಂಥ ಸುಖ! ದೊಡ್ಡಪ್ಪನೂ ಉಂಡ. "ವಾಸ್ನೆ ಅದೆ ಕಣಮ್ಮ, ಆದ್ರೂ ಇನ್ನೊಂದಿಕ್ಕು," ಎಂದು ಅಕ್ಕನ ಮುಂದೆ ತಟ್ಟೆ ಚಾಚಿದ.

ಮಕ್ಕಳೇ, ಆಗ ಮುನಿದದ್ದು ನಮ್ಮ ಸೀಮೆಯ ಮಳೆ ಮಾತ್ರ, ಎರಡು ವರ್ಷ ಬಿಟ್ಟು ಅದೂ ಬಂತು. ಈಗ ಭೂಮಿಯೇ ಕಾದಿದೆ. ಬಿತ್ತುವಾಗ ಬಾರದ ಮಳೆ ಕೊಯ್ಲಿನ ಹೊತ್ತಿಗೆ ಬಂದು ತೆನೆ ಕೊಳೆಸುತ್ತದೆ. ಇಲ್ಲಿ ಭತ್ತ ಒಣಗಿದ ವರ್ಷವೇ ಸಮುದ್ರದಾಚೆ ಗೋಧಿಯೂ ಬೆಂದುಹೋದರೆ ಯಾರು ಯಾರಿಗೆ ಕೊಡುತ್ತಾರೆ? ಶ್ರೀರಾಂಪುರದ ಈ ಮನೆಯಲ್ಲಿ ನೀವು ಫೋನ್ ಒತ್ತಿದರೆ ಅಕ್ಕಿ ಬಾಗಿಲಿಗೆ ಬರುತ್ತದೆ, ನಿಜ. ಆದರೆ ಫೋನಿನಲ್ಲಿ ಅಕ್ಕಿ ಬೆಳೆಯುವುದಿಲ್ಲ ಕಣ್ರೋ!

ನಾನೀಗ ರಾಗಿ ಕೂಡಿಡಲು ಹೊರಟಿರುವುದು ಮುದುಕನ ಹುಚ್ಚು ಎನ್ನುತ್ತಾನೆ ನಿಮ್ಮಪ್ಪ. ಅನ್ನಲಿ. ಬೀದಿಯ ನಾಲ್ಕು ಮನೆಯವರನ್ನು ಒಪ್ಪಿಸಿದ್ದೇನೆ. ಗಾಳಿಯಾಡದ ಡ್ರಮ್ಮುಗಳು ಬಂದಿವೆ, ನಾಳೆ ರಾಗಿಯೂ ಬರುತ್ತದೆ, ಎಲ್ಲವೂ ನಮ್ಮ ಕಾರಿನ ಶೆಡ್ಡಿನಲ್ಲೇ ಇರುತ್ತವೆ. ಕಾರು ಬೀದಿಯಲ್ಲಿ ನಿಲ್ಲಲಿ. ಬಿಸಿಲಿಗೆ ಅದರ ಬಣ್ಣ ಹೋಗುತ್ತದಂತೆ. ಹೋಗಲಿ ಬಿಡಿ! ಹಸಿದ ಮಕ್ಕಳ ಮುಖದ ಬಣ್ಣ ಹೋಗುವುದನ್ನು ನಾನು ಕಂಡಿದ್ದೇನೆ. ನಿಮ್ಮ ಮುಖದಲ್ಲಿ ಅದನ್ನು ಕಾಣಲು ನಾನು ತಯಾರಿಲ್ಲ.