ಗೊಂಚಲಿಗೆ ಸುತ್ತಿದ ಲೆಕ್ಕ

ಮಗದುಮ್ ಸರ್ ಅವರ ಅಂಗಿಯ ಬಲತೋಳು ಸದಾ ಸುಣ್ಣ ಬಳಿದ ಹಾಗಿರುತ್ತಿತ್ತು. ಚಿಕ್ಕೋಡಿಯ ಕಾಲೇಜಿನಲ್ಲಿ ನಮಗೆ ಭೌತವಿಜ್ಞಾನ ಕಲಿಸುತ್ತಿದ್ದ ಅವರು ಡಸ್ಟರ್ ಮುಟ್ಟಿದವರಲ್ಲ. ಬೋರ್ಡು ತುಂಬ ಸಮೀಕರಣದ ಪದಗಳನ್ನು ಬರೆದು, ಒಂದನ್ನೊಂದು ಹೊಡೆದುಹಾಕುವ ಜೋಡಿಗಳನ್ನು ತೋಳಿನಿಂದಲೇ ಒರೆಸುತ್ತಾ ಹೋಗಿ, ಉಳಿದ ಒಂದು ಸಾಲಿನ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಲ್ಲುವರು. "ನೋಡ್ರಲೇ, ಎಷ್ಟ್ ಸೋಪ ಐತಿ!" ಸುಲಭ ಎನ್ನಲು ಅವರಿಗೆ ಮರಾಠಿಯ ಆ ಮಾತೇ ಬೇಕು.

ಎರಡು ಕಣಗಳು ಡಿಕ್ಕಿ ಹೊಡೆದರೆ ಯಾವ ದಿಕ್ಕಿಗೆ ಎಷ್ಟು ಚದುರಬಹುದು ಎಂಬುದೇ ಅವರ ಜೀವಮಾನದ ಲೆಕ್ಕ. ಗುರುತ್ವವನ್ನು ಸೇರಿಸಿದರೆ ಪದಗಳು ಲಕ್ಷಗಟ್ಟಲೆ ಏಳುತ್ತವೆ. ಆದರೆ ಪ್ರತಿ ಕಣಕ್ಕೂ ಒಂದು ಜೋಡಿ ಕಣವಿದೆ ಎನ್ನುವ ಸಿದ್ಧಾಂತದಲ್ಲಿ ಒಂದರ ಮುಂದೆ ಕೂಡುವ ಚಿಹ್ನೆ, ಅದರ ಜೋಡಿಯ ಮುಂದೆ ಕಳೆಯುವ ಚಿಹ್ನೆ ಬಂದು ಬಹುಪಾಲು ಅಳಿದುಹೋಗುತ್ತದೆ. ಉತ್ತರ ಅಂಗೈಯಗಲ. ಸರ್ ಹನ್ನೊಂದು ವರ್ಷ ಕೂತು, ಎರಡು ಚೀಲ ಹಾಳೆ ತುಂಬಿಸಿ, ಅಂಥದೊಂದು ಹೊಸ ಸಾಲನ್ನು ಮುಟ್ಟಿ, ದೂರದ ವಿಜ್ಞಾನ ಪತ್ರಿಕೆಯೊಂದಕ್ಕೆ ಕಳಿಸಿದರು.

ಆ ಖುಷಿಯಲ್ಲಿ ಅವರು ಮಾಡಿದ ಕೆಲಸ ನೆನೆದರೆ ನನಗೆ ಇಂದಿಗೂ ಸಿಟ್ಟು ಬರುತ್ತದೆ. ಅಥಣಿ ಬದಿಯ ಅವರ ತೋಟದಲ್ಲಿ ದ್ರಾಕ್ಷಿ ಗೊಂಚಲಿಗೆ ಬಿಸಿಲು ತಾಗದಂತೆ ಪೇಪರು ಸುತ್ತುವ ಕಾಲ. ತೋಟ ನೋಡಿಕೊಳ್ಳುವ ಅವರ ತಮ್ಮನಿಗೆ ರದ್ದಿ ಸಾಲಲಿಲ್ಲ. ಸರ್ ಎರಡೂ ಚೀಲ ಕೊಟ್ಟುಬಿಟ್ಟರು. "ತಗೋ ತಮ್ಮಾ, ಮನಿ ಮುಟ್ಟಿದ ಮ್ಯಾಲ ದಾರಿ ಯಾಕ ಬೇಕು?"

ತಿಂಗಳೊಳಗೆ ಪತ್ರಿಕೆಯಿಂದ ಒಂದೇ ಪ್ರಶ್ನೆ ಬಂತು: ನಡುವೆ ಒಂದು ಚಿಹ್ನೆ ತಿರುಗಿದೆಯಲ್ಲ, ಹೇಗೆ? ಅದು ಕಳೆಯುವುದಾದರೆ ಸರ್ ಮುಟ್ಟಿದ ಸಾಲು ಗಟ್ಟಿಯಾಗಿ ನಿಲ್ಲುತ್ತದೆ. ಕೂಡುವುದಾದರೆ ಏನೂ ಅಳಿಯುವುದಿಲ್ಲ, ಹನ್ನೊಂದು ವರ್ಷವೂ ನೀರುಪಾಲು. ಅಷ್ಟರಲ್ಲಿ ಸರ್ ಕಣ್ಣು ಮಂಜಾಗಿ, ಮತ್ತೆ ಲೆಕ್ಕ ಹಿಡಿಯುವ ತ್ರಾಣ ಉಳಿದಿರಲಿಲ್ಲ. ನಿಪ್ಪಾಣಿಯಲ್ಲಿ ಪಾಠ ಮಾಡುತ್ತಿದ್ದ ನನಗೆ ಸರ್ ಅವರ ಫೋನು ಬಂತು. "ಲಗೂನ ಬಾರವಾ ತಂಗಿ. ಆ ಚಿಹ್ನಿ ಇರೂ ಏಳನೂರಾ ಹನ್ನೆರಡನೇ ಹಾಳಿ ಬೇಕು. ಹಣ್ಣು ಕೊಯ್ಯೂದ್ರೊಳಗ ಹುಡುಕಬೇಕು."

ನಾಲ್ಕು ದಿನ, ಸರ್ ಪಕ್ಕದಲ್ಲೇ ನಿಂತಿರಲು, ಬಳ್ಳಿಯ ಕೆಳಗೆ ಬಗ್ಗಿ ಒಂದೊಂದೇ ಗೊಂಚಲು ಬಿಚ್ಚಿದೆ. ಸರ್ ಅವರ ತಮ್ಮ ನನ್ನ ಹಿಂದಿನಿಂದ ಬಂದು ಮತ್ತೆ ಸುತ್ತುತ್ತಿದ್ದರು, ಒಂದು ಬಿರುಸು ಮಾತಾಡಲಿಲ್ಲ. ನಾಲ್ಕನೆಯ ಸಂಜೆ ಮಾತ್ರ, "ಅಣ್ಣಾ, ಹೊತ್ತು ಮುಳಗಾಕತ್ತೈತಿ, ಉಣ್ಣಾಕ ಬಾ" ಎಂದು ಎರಡು ಸಲ ಕರೆದರು. ಜೈನರ ನೇಮದಂತೆ ಹೊತ್ತು ಮುಳುಗುವ ಮೊದಲಿನ ಊಟವನ್ನು ಸರ್ ಎಂದೂ ತಪ್ಪಿಸಿದವರಲ್ಲ. ಅಂದು ತಿರುಗಿಯೂ ನೋಡಲಿಲ್ಲ. ಹೊತ್ತು ಮುಳುಗಿತು, ಇನ್ನು ಬೆಳಗಿನವರೆಗೆ ಉಪವಾಸ.

ಆಗಲೇ ಆ ಹಾಳೆ ನನ್ನ ಕೈಗೆ ಸಿಕ್ಕಿದ್ದು. ಸರ್ ನನ್ನ ಮೊಣಕೈ ಹಿಡಿದರು. "ನಡುವಿನ ಸಾಲು ನೋಡವಾ. ಕೂಡೂದೋ, ಕಳಿಯೂದೋ?"

ಸಿಂಪಡಿಸಿದ ಔಷಧಿಯ ನೀರು ಇಳಿದು ಆ ಸಾಲು ಬರೀ ನೀಲಿ ಕಲೆಯಾಗಿತ್ತು.

"ಕಳಿಯೂದ್ರಿ ಸರ್" ಎಂದೆ.

ಅವರು ಮಣ್ಣಲ್ಲೇ ಕುಸಿದು ಕೂತು ಮಗುವಿನಂತೆ ಅತ್ತರು. "ಸೋಪ ಐತಿ ಅಂದಿದ್ದಿಲ್ಲೇನವಾ ನಾ!"

ದ್ರಾಕ್ಷಿ ಕೊಯ್ಯುವ ಮೊದಲೇ ಸರ್ ಹೋಗಿಬಿಟ್ಟರು. ಆ ಲೆಕ್ಕವನ್ನು ನಾನೀಗ ಮೊದಲಿನಿಂದ ಮಾಡುತ್ತಿದ್ದೇನೆ. ಆ ಜಾಗಕ್ಕೆ ಮೂರು ಸಲ ಬಂದಿದ್ದೇನೆ, ಮೂರು ಸಲವೂ ಕೂಡುವುದೇ ಬಂದಿದೆ. ದೇವರೇ, ತಪ್ಪು ನನ್ನದೇ ಆಗಿರಲಿ.